ಮುಕ್ಕಾಲು ಪಾಲಿನ ಗೆರೆ

ಕಳೆದ ವರ್ಷ ಅಮ್ಮ ಧಾರವಾಡದಿಂದ ಪುಣೆಗೆ ಬಂದಾಗ ಸೊಂಟನೋವು ಜೋರಾಯಿತು. ಮನೆ ಹತ್ತಿರದ ಸೆಂಟರಿನಲ್ಲಿ ಎಕ್ಸ್-ರೇ ತೆಗೆಸಿದೆವು. ಮೊದಲನೆಯದು ಸರಿ ಬರಲಿಲ್ಲವೆಂದು ಮತ್ತೊಮ್ಮೆ ಮಲಗಿಸಿದರು. ರೇಡಿಯೇಶನ್ ಲಿಮಿಟ್ ದಾಟಿಲ್ಲ ತಾನೆ ಎಂದು ಕೇಳಿದೆ. ಪೇಶಂಟಿಗೆ ಲಿಮಿಟ್ಟೇ ಇಲ್ಲ ಎಂದ ಟೆಕ್ನಿಷಿಯನ್ ಹುಡುಗ. ಹಾರಿಕೆ ಮಾತು ಎಂದು ನನಗೆ ಸಿಟ್ಟು ಬಂತು. ಆಮೇಲೆ ಓದುತ್ತ ಹೋದಾಗ ತಿಳಿಯಿತು: ಅವನು ಹೇಳಿದ್ದು ನಿಜ.

ರಾಂಟ್ಜೆನ್ ಎಕ್ಸ್-ಕಿರಣ ಕಂಡದ್ದು 1895ರಲ್ಲಿ. ಮೊದಲ ದಶಕಗಳ ಚಿಂತೆಯೆಲ್ಲ ಯಂತ್ರದ ಬಳಿ ದಿನವಿಡೀ ನಿಲ್ಲುವವರದು. ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ 1904ರಲ್ಲಿ ಸತ್ತ. 1936ರಲ್ಲಿ ಹ್ಯಾಂಬರ್ಗಿನಲ್ಲಿ ನಿಲ್ಲಿಸಿದ ಸ್ಮಾರಕದಲ್ಲಿ ಇಂಥವರ 169 ಹೆಸರುಗಳಿದ್ದವು. 1928ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಂತರರಾಷ್ಟ್ರೀಯ ಸಮಿತಿ ಹುಟ್ಟಿತು. ಕೆಲಸಗಾರರಿಗೆ ಮಿತಿ ಬಂತು. ರೋಗಿಗೆ ಮಾತ್ರ ಮಿತಿ ಹಾಕಲಿಲ್ಲ. ಕಾರಣವೂ ಸರಿಯೇ: ದಪ್ಪ ಮೈಯವರಿಗೆ ಹೆಚ್ಚು ಕಿರಣ ಬೇಕು, ಮಿತಿ ಮುಗಿಯಿತೆಂದು ಬೇಕಾದ ಚಿತ್ರವನ್ನೇ ತೆಗೆಯದಿದ್ದರೆ ರೋಗಿಗೇ ನಷ್ಟ.

ಹಾಗಾದರೆ ಅತಿಯಾಯಿತೆಂದು ತಿಳಿಯುವುದು ಹೇಗೆ? ಇದಕ್ಕೆ ದಾರಿ ತೋರಿದ್ದು 1980ರ ದಶಕದ ನಡುವೆ ಬ್ರಿಟನ್ನಿನ ರಾಷ್ಟ್ರೀಯ ವಿಕಿರಣ ರಕ್ಷಣಾ ಮಂಡಳಿ ನಡೆಸಿದ ಸಮೀಕ್ಷೆ. ಇಂಗ್ಲೆಂಡಿನ 20 ಆಸ್ಪತ್ರೆಗಳಲ್ಲಿ ರೋಗಿಗಳ ಚರ್ಮದ ಮೇಲೆ ಪುಟ್ಟ ಅಳತೆಬಿಲ್ಲೆ ಅಂಟಿಸಿ ನೋಡಿದರು. ಒಂದೇ ಪರೀಕ್ಷೆಗೆ ಒಂದು ಆಸ್ಪತ್ರೆಗಿಂತ ಇನ್ನೊಂದರಲ್ಲಿ ಹಲವು ಪಟ್ಟು ಹೆಚ್ಚು ಕಿರಣ! ಕಾರಣಗಳು ತೀರ ಸಾಮಾನ್ಯ: ನಿಧಾನದ ಫಿಲ್ಮು, ಹಳೆಯ ಸ್ಕ್ರೀನು, ಯಂತ್ರದ ಸೆಟ್ಟಿಂಗು, ರೂಢಿ.

ಆಗ ಅವರು ಮಾಡಿದ ಉಪಾಯ ಸರಳ. ಆಸ್ಪತ್ರೆಗಳ ಸರಾಸರಿಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಿ, ಮುಕ್ಕಾಲು ಪಾಲು ಮುಗಿಯುವಲ್ಲಿ ಗೆರೆ ಎಳೆದರು. ಗೆರೆಯ ಮೇಲಿದ್ದವರು ಅಪರಾಧಿಗಳಲ್ಲ. ಆದರೆ ಉಳಿದ ಮುಕ್ಕಾಲು ಪಾಲು ಆಸ್ಪತ್ರೆಗಳಿಗೆ ಸಾಧ್ಯವಾದದ್ದು ತಮಗೇಕೆ ಆಗಲಿಲ್ಲ ಎಂದು ಹುಡುಕಬೇಕು. ಸೊಂಟದ ಬೆನ್ನುಮೂಳೆಯ ಪಕ್ಕದ ಚಿತ್ರಕ್ಕೆ ಮೊದಲ ಗೆರೆ 30 ಮಿಲಿಗ್ರೇ. ಮತ್ತೆ ಮತ್ತೆ ಅಳೆದಂತೆ ಗೆರೆಯೇ ಕೆಳಗಿಳಿದು, 2000ದ ಪರಿಶೀಲನೆಯಲ್ಲಿ 14ಕ್ಕೆ ಬಂತು. 1996ರಲ್ಲಿ ಅಂತರರಾಷ್ಟ್ರೀಯ ಆಯೋಗ ಇದಕ್ಕೆ 'ಡಯಾಗ್ನೋಸ್ಟಿಕ್ ರೆಫರೆನ್ಸ್ ಲೆವೆಲ್' ಎಂದು ಹೆಸರಿಟ್ಟಿತು. ಮರುವರ್ಷ ಯುರೋಪಿನ ನಿರ್ದೇಶನದಲ್ಲೂ ಅದು ಸೇರಿತು.

ಪ್ರಾಜೆಕ್ಟ್ ಮ್ಯಾನೇಜರನಾದ ನನಗೆ ಇಂಥ ಗೆರೆಗಳ ಗುಣ ಗೊತ್ತು. ಡ್ಯಾಶ್‌ಬೋರ್ಡ್ ಹಸಿರಾದರೆ ಸಾಕು, ಟೀಮು ನಿದ್ದೆ ಹೋಗುತ್ತದೆ. ಗೆರೆಯ ಕೆಳಗಿದ್ದರೆ ಎಲ್ಲ ಸರಿ ಎಂದಲ್ಲ. 2017ರಲ್ಲಿ ಆಯೋಗವೂ ಸಾಲಿನ ನಡುಮಧ್ಯದ ಬೆಲೆಯನ್ನೂ ನೋಡಿರಿ ಎಂದಿತು. ಇನ್ನೊಂದು ಮಾತು: ಬ್ರಿಟಿಷರ ಲೆಕ್ಕದ 'ಸರಾಸರಿ ರೋಗಿ' ಸುಮಾರು 70 ಕಿಲೋ. ನಮ್ಮಮ್ಮ 48. ಅಲ್ಲಿಯ ಅಂಕಿಯನ್ನು ಇಲ್ಲಿ ಹಾಗೇ ಅಂಟಿಸಿಕೊಂಡರೆ ನಮ್ಮ ಯಂತ್ರಗಳು ಸುಮ್ಮನೆ ಪಾಸಾಗಿಬಿಡುತ್ತವೆ.

ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಈ ಗೆರೆ ಒಬ್ಬ ರೋಗಿಯ ಒಂದು ಚಿತ್ರವನ್ನು ಅಳೆಯುವುದಿಲ್ಲ, ಆ ಕೋಣೆಯ ರೂಢಿಯನ್ನು ಅಳೆಯುತ್ತದೆ. ರಿಪೋರ್ಟ್ ತರಲು ಹೋದಾಗ ಆ ಹುಡುಗನನ್ನು ಬೇರೆ ರೀತಿ ಕೇಳಿದೆ: ನಿಮ್ಮಲ್ಲಿ ಈ ಪರೀಕ್ಷೆಯ ಸರಾಸರಿ ಎಷ್ಟು? ಎರಡನೇ ಸಲ ತೆಗೆಯುವುದು ಎಷ್ಟು ಬಾರಿ? ಈ ಸಲ ಅವನು ನಗಲಿಲ್ಲ. ಲೆಕ್ಕ ಬರೆದಿಡಲು ಯಾರೂ ಹೇಳಿಲ್ಲ ಎಂದ.

ಮನೆಗೆ ಬಂದು ಹೇಳಿದರೆ ಅಮ್ಮ ಅವನ ಪರ: "ನಾನೇ ಅಳ್ಳಾಡಿದ್ನೆಪಾ, ಅವಂದೇನ್ ತಪ್ಪೈತಿ?"

ಇರಬಹುದು. ಬರೆದಿಟ್ಟಿದ್ದರೆ ಅದೂ ತಿಳಿಯುತ್ತಿತ್ತು.