ಸಿ.ಡಿ.ಯೊಳಗಿನ ಬೆನ್ನೆಲುಬು

ಕಳೆದ ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಹತ್ತಿದ್ದ ಅಪ್ಪ ಅಡಿಕೆ ಮರದಿಂದ ಬಿದ್ದರು. ಕಡಬದ ಮನೆಯಿಂದ ಸುಳ್ಯಕ್ಕೆ ಕರೆದೊಯ್ದು ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ಸೊಂಟದ ಭಾಗದ ಒಂದು ಕಶೇರು ಜಜ್ಜಿತ್ತು. ವೈದ್ಯರು ಕಡ್ಡಾಯ ವಿಶ್ರಾಂತಿ ಹೇಳಿದರು. ನೋವು ಇಳಿದ ವಾರದಲ್ಲೇ ಅಪ್ಪ ತೋಟದ ದಾರಿ ನೋಡತೊಡಗಿದರು.

ವರದಿಯ ಜೊತೆ ಒಂದು ಸಿ.ಡಿ. ಬಂದಿತ್ತು. ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಅದರ ವೀಕ್ಷಕ ತಂತ್ರಾಂಶ ತೆರೆಯಲಿಲ್ಲ. ಇತಿಹಾಸದ ವಿದ್ಯಾರ್ಥಿನಿಯಾದ ನನಗೆ ತೆರೆಯದ ದಾಖಲೆ ಕಂಡರೆ ಸುಮ್ಮನಿರಲಾಗದು. ಹುಡುಕಿದಾಗ ಸಿಕ್ಕಿದ್ದು ‘ತ್ರೀಡಿ ಸ್ಲೈಸರ್’ ಎಂಬ ಮುಕ್ತ ತಂತ್ರಾಂಶ.

ಇದರ ಹಿಂದೆ ದೊಡ್ಡ ಕತೆಯಿದೆ. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳಿನ ಸಿ.ಟಿ. ಚಿತ್ರ ತೆಗೆದರು. ಯಂತ್ರ ರೂಪಿಸಿದವರು ಇಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್. ಅಡಕತ್ತರಿಯಲ್ಲಿ ಸೀಳಿದ ಅಡಿಕೆಯ ಹೋಳಿನಲ್ಲಿ ಒಳಗಿನ ಗೆರೆ ಕಾಣುವಂತೆ, ಈ ಯಂತ್ರ ದೇಹವನ್ನು ಕೊಯ್ಯದೆಯೇ ಹೋಳು ಹೋಳಾಗಿ ತೋರಿಸುತ್ತದೆ. ಪ್ರತಿ ಚುಕ್ಕೆಗೂ ಒಂದು ಅಂಕಿ: ನೀರಿಗೆ 0, ಗಾಳಿಗೆ −1000, ಎಲುಬಿಗೆ ಕೆಲವು ನೂರರಿಂದ ಮೇಲಕ್ಕೆ. ಬೇರೆ ಬೇರೆ ಕಂಪನಿಗಳ ಯಂತ್ರಗಳು ಒಂದೇ ಭಾಷೆಯಲ್ಲಿ ಮಾತಾಡಲೆಂದು ‘ಡೈಕಾಮ್’ ಮಾನದಂಡ ಬಂತು. ಸ್ಲೈಸರ್ 1998ರಲ್ಲಿ ಬೋಸ್ಟನ್ನಿನ ಒಂದು ಆಸ್ಪತ್ರೆ ಮತ್ತು ಎಂ.ಐ.ಟಿ.ಯ ನಡುವೆ ವಿದ್ಯಾರ್ಥಿಯ ಸ್ನಾತಕೋತ್ತರ ಪ್ರಬಂಧದ ಕೆಲಸವಾಗಿ ಶುರುವಾಯಿತು. ಮರುವರ್ಷ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ‘ಐ.ಟಿ.ಕೆ.’ ಎಂಬ ಉಪಕರಣ ಸಂಚಯಕ್ಕೆ ಹಣ ಕೊಟ್ಟಿತು. ಅದೇ ಗ್ರಂಥಾಲಯ 1994ರಲ್ಲಿ ಒಂದು ಇಡೀ ಮಾನವ ದೇಹವನ್ನು ಮಿಲಿಮೀಟರಿಗೊಂದು ಹೋಳಿನಂತೆ ಚಿತ್ರಿಸಿ ಹಂಚಿತ್ತು. ಆ ದೇಹ ಟೆಕ್ಸಾಸ್‌ನಲ್ಲಿ ಮರಣದಂಡನೆಗೊಳಗಾದ ಕೈದಿಯದು. ಸಾಯುವ ಮೊದಲು ಅವನು ದೇಹವನ್ನು ದಾನವಾಗಿ ಬರೆದುಕೊಟ್ಟಿದ್ದ. ಮುಕ್ತ ಜ್ಞಾನಕ್ಕೂ ಯಾರದೋ ಮೈಯ ಋಣವಿರುತ್ತದೆ.

ಪುತ್ತೂರಿನಲ್ಲಿದ್ದುಕೊಂಡೇ ಶಿವರಾಮ ಕಾರಂತರು ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳ ಮೂಲಕ ಜಗತ್ತಿನ ಅರಿವನ್ನು ಕನ್ನಡಕ್ಕೆ ತಂದರು. ಅದೇ ನೆರೆಯಲ್ಲಿ ನಾನು ಇಂಗ್ಲಿಷ್ ಗುಂಡಿಗಳ ಎದುರು ತಡಕಾಡುತ್ತಿದ್ದೆ.

ಶುರು ಮಾಡುವುದು ಅಷ್ಟೇನೂ ಕಷ್ಟವಲ್ಲ. ಮೊದಲು ಅದರಲ್ಲೇ ಸಿಗುವ ಮಾದರಿ ಚಿತ್ರಗಳಲ್ಲಿ ಕೈ ಪಳಗಿಸಿದೆ. ಬಳಿಕ ಸಿ.ಡಿ.ಯ ಕಡತಗಳನ್ನು ಲ್ಯಾಪ್‌ಟಾಪಿಗೆ ನಕಲಿಸಿ, ಡೈಕಾಮ್ ವಿಭಾಗದಲ್ಲಿ ಸೇರಿಸಿದೆ. ಮೂರು ಕಿಟಕಿ ತೆರೆದವು: ಕೆಂಪಿನಲ್ಲಿ ಅಡ್ಡ ಹೋಳು, ಹಳದಿಯಲ್ಲಿ ಪಕ್ಕದ ನೋಟ, ಹಸಿರಿನಲ್ಲಿ ಎದುರಿನ ನೋಟ. ಬೆಳಕು-ನೆರಳು ಹೊಂದಿಸಿದಾಗ ಎಲುಬು ಎದ್ದು ಬಂತು. ಇದು ಸಂಶೋಧನೆ, ಕಲಿಕೆಗಾಗಿ ಮಾಡಿದ್ದು, ರೋಗನಿರ್ಣಯ ವೈದ್ಯರದೇ.

ಅಪ್ಪನನ್ನು ಕರೆದು ಹಳದಿ ಕಿಟಕಿ ತೋರಿಸಿದೆ. ಒಂದರ ಮೇಲೊಂದು ಇಟ್ಟ ಕಶೇರುಗಳ ನಡುವೆ ಒಂದು ಮುಂದಕ್ಕೆ ಕುಸಿದಿತ್ತು. ಅಪ್ಪ ಬಹಳ ಹೊತ್ತು ನೋಡಿದರು.

“ಇದು ನನ್ನದೇ ಮಾರಾಯ್ತಿ?”

“ಹೌದಪ್ಪ, ನಿಮ್ಮದೇ.”

ಬೆರಳಿಂದ ಪರದೆಯ ಮೇಲೆ ಕಶೇರುಗಳನ್ನು ಮೇಲಿಂದ ಎಣಿಸಿ, ಕುಸಿದದ್ದರ ಬಳಿ ನಿಲ್ಲಿಸಿದರು. ಮರುದಿನ ಮದ್ದು ಬಿಡಲು ಬೇರೆಯವರಿಗೆ ಹೇಳಿ ಕಳಿಸಿದರು.