ತನ್ನ ಹೆಸರನ್ನೇ ತಪ್ಪಿ ಬರೆದ ಹುಡುಗ

ಇಂಗ್ಲೆಂಡಿನ ಸೀಫರ್ಡ್ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್ 1896ರಲ್ಲಿ ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಕಣ್ಣು ನೆಟ್ಟಗಿತ್ತು, ಬೀಜಗಣಿತವೂ ಸಲೀಸು. ಅಚ್ಚಿನ ಪದಗಳು ಮಾತ್ರ ಹತ್ತವು. ತನ್ನ ಹೆಸರನ್ನೇ ‘ಪ್ರೆಸಿ’ ಎಂದು ಬರೆದ! ಪಾಠವೆಲ್ಲ ಬಾಯಿಮಾತಿನಲ್ಲಿದ್ದರೆ ಶಾಲೆಗೇ ಇವನು ಚುರುಕೆಂದು ಮೇಷ್ಟರ ಅಭಿಪ್ರಾಯ. ಇದು ಹುಟ್ಟಿನಿಂದಲೇ ಬಂದ ‘ಪದಗುರುಡು’ ಎಂದರು ಮಾರ್ಗನ್. ಇಂದು ನಾವು ಡಿಸ್ಲೆಕ್ಸಿಯಾ ಎನ್ನುತ್ತೇವೆ. ನಮ್ಮ ದೇಶದ ಅಂಗವಿಕಲರ ಕಾನೂನಿನಲ್ಲಿ ಇಂಥ ಕಲಿಕೆಯ ತೊಡಕಿಗೆ ಜಾಗ ಸಿಕ್ಕಿದ್ದು 2016ರಲ್ಲಿ.

ಹೊರನಾಡಿನಲ್ಲಿ ಮಗು ಓದಲು ತಡವರಿಸಿದರೆ ನಾವು ಮೊದಲು ಬಿಡಿಸುವುದು ಮನೆಯ ಕನ್ನಡವನ್ನು. ಪರ್ಸಿ ಎಡವಿದ್ದಾದರೋ ಮನೆಮಾತಿನಲ್ಲೇ! ಕನ್ನಡ ಬಿಡಿಸುವ ಮೊದಲು ಕಣ್ಣು, ಕಿವಿ ತೋರಿಸಿ, ಮನಶ್ಶಾಸ್ತ್ರಜ್ಞರಿಂದ ಬುದ್ಧಿ, ಓದು, ಬರಹಗಳನ್ನು ಬೇರೆಬೇರೆಯಾಗಿ ಅಳೆಯಿಸಬೇಕು. ಮಗು ಮನೆಯಲ್ಲಿ ಆಡುವ ಭಾಷೆ ಯಾವುದು, ಶಾಲೆಯಲ್ಲಿ ಕಲಿಯುವುದು ಯಾವುದೆಂದು ಅವರಿಗೆ ಮೊದಲೇ ತಿಳಿಸಬೇಕು.