ಬೆನ್ನಟ್ಟಿ ಬರುತ್ತಿದ್ದರೂ ಹಾಯಿ ಮಡಚಿದ ಒಂಟಿ ನಾವಿಕ

ಹಳ್ಳ ದಾಟುವ ಮೊದಲೇ ನಾವು ಪಂಚೆ ಎತ್ತಿ ಕಟ್ಟುತ್ತೇವೆ. ನಡುನೀರಿಗೆ ಇಳಿದ ಮೇಲೆ ಕಟ್ಟಲು ಹೋದರೆ ಕಾಲು ನಿಲ್ಲುವುದಿಲ್ಲ. ಹಾಯಿದೋಣಿಯಲ್ಲೂ ಇಂಥದ್ದೇ ಒಂದು ಕೆಲಸವಿದೆ. ಗಾಳಿ ಜೋರಾದಾಗ ದೊಡ್ಡ ಹಾಯಿಯನ್ನು ಸ್ವಲ್ಪ ಇಳಿಸಬೇಕು. ಅದರ ಕೆಳಭಾಗವನ್ನು ಮಡಚಿ, ಹಾಯಿಯಲ್ಲೇ ಇರುವ ಸಣ್ಣ ಹಗ್ಗಗಳಿಂದ ಬಿಗಿದು, ಮತ್ತೆ ಮೇಲಕ್ಕೆ ಎಳೆಯಬೇಕು. ನಾವಿಕರು ಇದಕ್ಕೆ ರೀಫ್ ಮಾಡುವುದು ಎನ್ನುತ್ತಾರೆ.

ಯಾಕೆ ಬೇಕು ಇದು? ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹಾಗೇ ಬಿಟ್ಟರೆ ಹಾಯಿ ಹರಿಯಬಹುದು, ಕಂಬ ಮುರಿಯಬಹುದು. ನಾಲ್ಕು ಜನರಿದ್ದರೆ ಒಬ್ಬ ಚುಕ್ಕಾಣಿ ಹಿಡಿಯುತ್ತಾನೆ, ಉಳಿದವರು ಹಾಯಿ ಮಡಚುತ್ತಾರೆ. ಒಬ್ಬನೇ ಇದ್ದರೆ ಚುಕ್ಕಾಣಿ ಬಿಟ್ಟು ಎದ್ದು ಹೋಗಲೇಬೇಕು.

ಆ ಕಷ್ಟ ಚೆನ್ನಾಗಿ ಗೊತ್ತಿದ್ದವನು ಜೋಶುವಾ ಸ್ಲೋಕಮ್. ಕೆನಡಾದ ನೋವಾ ಸ್ಕೋಶಿಯಾದಲ್ಲಿ 1844ರಲ್ಲಿ ಹುಟ್ಟಿದ ಈತ ಚಿಕ್ಕಂದಿನಲ್ಲೇ ಕಡಲಿಗಿಳಿದು, ಹಾಯಿಹಡಗುಗಳ ಕ್ಯಾಪ್ಟನ್ ಆದ. ಆಮೇಲೆ ಉಗಿಹಡಗುಗಳು ಬಂದವು, ಹಾಯಿಹಡಗಿನವರ ಕೆಲಸ ಹೋಯಿತು. ಆತನ ಸ್ವಂತ ಹಡಗೂ ಬ್ರೆಜಿಲ್ ತೀರದಲ್ಲಿ ಹಾಳಾಯಿತು. ಕೈ ಖಾಲಿಯಾಗಿದ್ದಾಗ ಅಮೆರಿಕದ ಫೇರ್‌ಹೇವನ್ ಊರಿನ ಹೊಲವೊಂದರಲ್ಲಿ ಬಿದ್ದಿದ್ದ ಹಳೇ ದೋಣಿಯನ್ನು ಪರಿಚಯದವರೊಬ್ಬರು ಕೊಟ್ಟರು. ಅದರ ಹೆಸರು ಸ್ಪ್ರೇ. ಉದ್ದ ಸುಮಾರು 37 ಅಡಿ. ಸ್ಲೋಕಮ್ 13 ತಿಂಗಳು ದುಡಿದು, 553 ಡಾಲರ್ ಚಿಲ್ಲರೆ ಖರ್ಚು ಮಾಡಿ, ಅದನ್ನು ಹೊಸದಾಗಿ ಕಟ್ಟಿದ. 1895ರ ಏಪ್ರಿಲ್ 24ರಂದು ಒಬ್ಬನೇ ಬಾಸ್ಟನ್ ಬಿಟ್ಟು ಹೊರಟ.

ಅದೇ ವರ್ಷ ಆಗಸ್ಟ್‌ನಲ್ಲಿ ಜಿಬ್ರಾಲ್ಟರ್ ದಾಟಿದ ಮೇಲೆ, ಮೊರಾಕ್ಕೊ ತೀರದ ಬಳಿ ಒಂದು ಹಾಯಿದೋಣಿ ಬೆನ್ನು ಹತ್ತಿತು. ಸ್ಲೋಕಮ್ ದಿಕ್ಕು ಬದಲಿಸಿದರೆ ಅದೂ ಬದಲಿಸಿತು. ಇವರು ಕಡಲ್ಗಳ್ಳರೇ ಎಂದು ಆತನಿಗೆ ಅನಿಸಿತು. ಗಾಳಿ ಬೇರೆ ಏರುತ್ತಿತ್ತು. ಸ್ಪ್ರೇ ತಡೆಯುವುದಕ್ಕಿಂತ ಹೆಚ್ಚು ಹಾಯಿ ಬಿಚ್ಚಿಕೊಂಡಿತ್ತು.

ಹಾಯಿ ಇಳಿಸಿದರೆ ವೇಗ ತಗ್ಗಿ ಕಳ್ಳರ ಕೈಗೆ ಸಿಗುವ ಭಯ. ಇಳಿಸದಿದ್ದರೆ ಕಂಬವೇ ಹೋಗುವ ಭಯ. ಸ್ಲೋಕಮ್ ಮೊದಲು ಹಾಯಿ ಮಡಚಿದ. ಸುಮಾರು 15 ನಿಮಿಷ ಹಿಡಿಯಿತು. ಸ್ಪ್ರೇ ಚುಕ್ಕಾಣಿ ಕಟ್ಟಿಬಿಟ್ಟರೂ ತನ್ನಷ್ಟಕ್ಕೆ ನೆಟ್ಟಗೆ ಸಾಗುವ ದೋಣಿ. ಒಬ್ಬನೇ ಇಂಥ ಕೆಲಸ ಮಾಡಲು ಈ ಗುಣವೇ ಆಧಾರ. ಆದರೆ ಅಷ್ಟರಲ್ಲಿ ಹಿಂದಿನವರು ಎಷ್ಟು ಹತ್ತಿರ ಬಂದಿದ್ದರೆಂದರೆ, ಅವರ ತಲೆಯ ಜುಟ್ಟೂ ಕಾಣುತ್ತಿತ್ತಂತೆ.

ಆಗ ದೊಡ್ಡ ಅಲೆಯೊಂದು ಬಡಿಯಿತು. ಹಾಯಿಯ ಕೆಳಗಿನ ಅಡ್ಡಮರ ಮುರಿಯಿತು. ಸ್ಲೋಕಮ್ ಗಡಿಬಿಡಿಯಲ್ಲಿ ಹಾಯಿಗಳನ್ನು ಇಳಿಸಿ, ಒಳಗಿನಿಂದ ಬಂದೂಕು ತಂದು ಹಿಂದಕ್ಕೆ ನೋಡಿದ. ಬೆನ್ನಟ್ಟಿದ ದೋಣಿಯ ಕಂಬವೇ ಮುರಿದು ಬಿದ್ದಿತ್ತು! ಅವರು ಹಾಯಿ ತಗ್ಗಿಸಿರಲಿಲ್ಲ.

ಈ ಘಟನೆಯನ್ನು ಸ್ಲೋಕಮ್ 1900ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಇದು ಒಂದು ಕಡೆಯವರ ಮಾತು ಎಂಬುದನ್ನು ವರದಿಗಾರರಾದ ನಾವು ಮರೆಯಬಾರದು. ಆದರೆ ಗಾಳಿಯ ಲೆಕ್ಕ ಎರಡೂ ದೋಣಿಗೆ ಒಂದೇ ಆಗಿತ್ತು. ಸ್ಪ್ರೇಗೂ ಪೆಟ್ಟು ಬಿತ್ತು, ಆದರೆ ಅದರ ಕಂಬ ಉಳಿಯಿತು.

ಮುರಿದ ಮರ ಸರಿಮಾಡಿಕೊಂಡು ಸ್ಲೋಕಮ್ ಅಕ್ಟೋಬರ್‌ನಲ್ಲಿ ಬ್ರೆಜಿಲ್ ಮುಟ್ಟಿದ. 1898ರ ಜೂನ್ 27ರಂದು ಅಮೆರಿಕದ ನ್ಯೂಪೋರ್ಟ್‌ಗೆ ಬಂದು ತಲುಪಿದಾಗ 46,000 ಮೈಲಿಗೂ ಹೆಚ್ಚು ದೂರ ಸಾಗಿದ್ದ. ಒಬ್ಬನೇ ಭೂಮಿ ಸುತ್ತಿದ ಮೊದಲ ನಾವಿಕ ಆತ. ಮುಂದೆ ವರ್ಷಗಳಾದ ಮೇಲೆ ಅದೇ ದೋಣಿಯಲ್ಲಿ ಮತ್ತೆ ಒಬ್ಬನೇ ಹೊರಟವನು ಮರಳಲಿಲ್ಲ. ಕಡಲಿನ ಮುಂದೆ ಯಾರೂ ದೊಡ್ಡವರಲ್ಲ. ಮೊರಾಕ್ಕೊ ತೀರದಲ್ಲಿ ಆತ ಅದನ್ನು 15 ನಿಮಿಷ ಮೊದಲೇ ಒಪ್ಪಿಕೊಂಡಿದ್ದ, ಅಷ್ಟೇ.